ನರ್ಸಮ್ಮನ ಗಾಡಿಯ ನಡುಕ

"ಆರಿಸಮ್ಮಾ, ಮೊದಲು ಅದನ್ನ ಆರಿಸು! ಸಾವಿನ ಮನೆ ಮುಂದೆ ಇದೇನು ಆರ್ಭಟ?" ಎನ್ನುತ್ತ ಸತ್ತ ಗಾಡಿ ಮೇಸ್ತ್ರಿಯ ತಮ್ಮ ಎರಡೂ ಕೈ ಬೀಸಿಕೊಂಡು ಅಂಗಳಕ್ಕೆ ಓಡಿದ.

ಹಳೆಯ ಮೋಟಾರ್ ಸೈಕಲ್ಲು ಗೇಟು ದಾಟಿ ಬಂದು ನಿಂತಿತ್ತು. ನಿಂತಿತ್ತೆಂದರೆ ಹೆಸರಿಗಷ್ಟೆ, ನಿಂತಲ್ಲೇ ಚಳಿಜ್ವರ ಬಂದವರ ಹಾಗೆ ಗಡಗಡ ನಡುಗುತ್ತಿತ್ತು. ಮೇಲೆ ಕೂತ ನರ್ಸಮ್ಮನ ದನಿಯೂ ಅದರ ಜೊತೆಗೇ ನಡುಗಿತು. "ಆರಿಸಿದ್ರೆ ಮತ್ತೆ ಹತ್ತುತ್ತೋ ಇಲ್ವೋ ಅಂತ ಭಯ ಕಣಣ್ಣ. ಮೇಸ್ತ್ರಿ ಮುಖ ಒಂದ್ಸಲ ನೋಡ್ಕೊಂಡು ಹೋಗಿಬಿಡ್ತೀನಿ. ಗುಡ್ಡದಾಚೆ ಒಬ್ಬಳಿಗೆ ನೋವು ಶುರುವಾಗಿದೆ, ಚೊಚ್ಚಲು. ಸಂಜೆಯೊಳಗೆ ಮುಟ್ಟಬೇಕು."

ಒಳಗೆ ನಡುಮನೆಯಲ್ಲಿ ಮೇಸ್ತ್ರಿ ಕಣ್ಣು ಮುಚ್ಚಿ ಮಲಗಿದ್ದ. ನಾಲ್ಕು ಗಂಟೆಗೆ ಎತ್ತುವುದೆಂದು ತೀರ್ಮಾನವಾಗಿತ್ತು. ತಲೆಯ ಹತ್ತಿರ ಕೂತ ಹೆಂಡತಿ ಬೆಳಗಿನಿಂದ ತುಟಿ ಬಿಚ್ಚಿರಲಿಲ್ಲ. ಬಂದವರು ಅವಳ ಪಾಲಿನ ಮಾತನ್ನೂ ತಾವೇ ಆಡಿ ಮುಗಿಸುತ್ತಿದ್ದರು.

"ಏನು ಕೈ ರೀ ಅದು! ಹೀಗೆ ಅಂಗೈ ಇಟ್ರೆ ಸಾಕು, ಗಾಡಿ ತನ್ನ ರೋಗ ತಾನೇ ಹೇಳಿಬಿಡೋದು."

"ದೇವರು ಕೊಟ್ಟ ಕೈ ಬಿಡಿ. ಇನ್ನೊಬ್ಬರಿಗೆ ಬರೋದಲ್ಲ."

ಅಷ್ಟರಲ್ಲಿ ಅಂಗಳದ ನಡುಕ ನೆಲದೊಳಗಿಂದ ಹರಿದು ಬಂದು ಅವಳ ಅಂಗಾಲಿಗೆ ತಾಗಿತು. ಅವಳು ತಲೆ ಎತ್ತಿದಳು. ಯಾರೋ ಹೆಸರು ಹಿಡಿದು ಕೂಗಿದ ಹಾಗೆ ಎದ್ದು, ಸೆರಗು ಸುತ್ತಿ, ಹೊಸಿಲು ದಾಟಿದಳು.

"ಆರಿಸಬೇಡ," ಎಂದಳು.

* * *

ಹತ್ತು ವರ್ಷದ ಹಿಂದೆ ಒಂದು ಬೆಳಿಗ್ಗೆ ಮೇಸ್ತ್ರಿ ಅಂಗಿಯ ಗುಂಡಿ ಹಾಕಲಾಗದೆ ಕನ್ನಡಿಯ ಮುಂದೆ ನಿಂತಿದ್ದ. ಅವಳು ನಗುತ್ತ ಹೋದವಳು ಅವನ ಮುಖ ಕಂಡು ನಗು ನುಂಗಿದಳು.

"ಬೆರಳು ಸತ್ತುಹೋಗಿವೆ ಕಣೇ," ಅಂದ. ಮೂವತ್ತು ವರ್ಷ ನಡುಗುವ ಇಂಜಿನ್ನುಗಳನ್ನು ಹಿಡಿದ ಕೈ. ಬಿಸಿ ತಿಳಿಯದು, ತಣುಪು ತಿಳಿಯದು, ನಟ್ಟು ಬೆರಳಲ್ಲಿದೆಯೋ ಬಿದ್ದಿದೆಯೋ ಅದೂ ತಿಳಿಯದು. "ಅಂಗಡಿ ಮುಚ್ಚಿಬಿಡ್ಲಾ?"

ಅವಳು ಗುಂಡಿ ಹಾಕುತ್ತ ಕೇಳಿದಳು. "ತಲೆ ಸರಿ ಇದೆಯಲ್ಲ?"

"ಅದಕ್ಕೇನಾಗಿದೆ?"

"ಹಾಗಾದ್ರೆ ಕೈ ನನ್ನದು ತಗೊಳ್ಳಿ."

ಅಂದಿನಿಂದ ಹೊಸ ಗಾಡಿ ಬಂದಾಗಲೆಲ್ಲ ಅವಳು ನೀರಿನ ಚೊಂಬು ಹಿಡಿದು ಬರುವಳು. ಗಾಡಿಯವರು ಕುಡಿಯುವಷ್ಟರಲ್ಲಿ ಟ್ಯಾಂಕು, ಹ್ಯಾಂಡಲ್ಲು, ಸೀಟು, ಕಾಲಿಡುವ ಕಡ್ಡಿ ಎಲ್ಲವನ್ನೂ ಸುಮ್ಮನೆ ಮುಟ್ಟುವಳು. ಒಳಗೆ ಹೋಗುತ್ತ ಗಂಡನಿಗೆ ಒಂದೇ ಮಾತು. "ಇರುವೆ" ಎಂದರೆ ಸಣ್ಣಗೆ ಹರಿದಾಡುವ ನಡುಕ. "ಬೆಕ್ಕು" ಎಂದರೆ ಹೊಟ್ಟೆಯೊಳಗಿನ ಗುರುಗುರು. "ಹಲ್ಲು" ಎಂದರೆ ಒಂದೇ ಜಾಗದಲ್ಲಿ ಮಿಡಿಯುವ ನೋವು. ಉಳಿದದ್ದನ್ನು ಅವನ ತಲೆ ನೋಡಿಕೊಳ್ಳುತ್ತಿತ್ತು. ಅವನು ಗಾಡಿಗೆ ಅಂಗೈ ಇಟ್ಟು, ಕಣ್ಣು ಮುಚ್ಚಿ, ದೊಡ್ಡದಾಗಿ ಉಸಿರು ಬಿಟ್ಟು ತೀರ್ಪು ಹೇಳುವನು. ನೋಡುತ್ತಿದ್ದವರ ಮೈ ಜುಮ್ಮೆನ್ನುವುದು.

ಗಾಡಿ ಸವರುವುದು ಮೇಸ್ತ್ರಿ ಹೆಂಡತಿಗೆ ಒಂದು ಚಟ ಎಂದು ಜನ ಆಡಿಕೊಳ್ಳುತ್ತಿದ್ದರು. ಅದಕ್ಕೆ ಗಂಡಹೆಂಡಿರು ಊಟಕ್ಕೆ ಕೂತು ನಕ್ಕಿದ್ದೂ ಉಂಟು.

* * *

"ಎಷ್ಟು ದಿನದಿಂದ?" ಎಂದು ಕೇಳಿದಳು.

"ನಾಲ್ಕೈದು ದಿನ ಆಯ್ತಕ್ಕ. ದಿನಾ ಜಾಸ್ತಿ ಆಗ್ತಿದೆ. ವೇಗ ನಲವತ್ತು ದಾಟಿದ್ರೆ ಕಾಲೆಲ್ಲ ಜೋಮು. ಮೇಸ್ತ್ರಿಗೆ ಹುಷಾರಿಲ್ಲ ಅಂತ ಕೇಳಿ ಸುಮ್ಮನಾದೆ."

ಮೇಸ್ತ್ರಿಯ ಹಳೆಯ ಶಿಷ್ಯ ಮುಂದೆ ಬಂದ. ಈಗ ಅವನದೇ ದೊಡ್ಡ ಗ್ಯಾರೇಜಿದೆ, ತಲೆಯೂ ಅರ್ಧ ನರೆತಿದೆ. "ಇಂಜಿನ್ನಿನ ಬೇರಿಂಗು ಹೋಗಿದೆ ಅಮ್ಮಾ. ಬಿಚ್ಚಬೇಕು. ಒಂದು ವಾರ."

"ಒಂದು ವಾರ ಆ ಮಗು ಕಾಯುತ್ತಾ?" ಎಂದಳು ನರ್ಸಮ್ಮ.

"ಅತ್ತಿಗೆ, ಒಳಗೆ ಬನ್ನಿ," ಮೈದುನ ಹಲ್ಲು ಕಚ್ಚಿ ಪಿಸುಗುಟ್ಟಿದ. "ಜನ ನೋಡ್ತಿದ್ದಾರೆ."

"ನೋಡಲಿ. ನೀನು ಹಿಂದಿನ ಚಕ್ರ ಹಿಡ್ಕೋ."

ಕಾಲೇಜಿನಲ್ಲಿ ಮೂವತ್ತು ವರ್ಷ ಪಾಠ ಹೇಳಿದ ಮೈದುನ ಪಂಚೆ ಎತ್ತಿ ಕಟ್ಟಿ ಚಕ್ರ ಹಿಡಿದ.

ಅವಳು ಗೇರು ಬಿಡಿಸಿ, ನಿಂತಲ್ಲೇ ಇಂಜಿನ್ನನ್ನು ಏರಿಸಿದಳು. ನಡುಕ ಏರಿತು. ಸರಿ, ಚಕ್ರದ್ದಲ್ಲ, ಚೈನಿನದಲ್ಲ. ಹ್ಯಾಂಡಲ್ಲಿಗೆ ಕೈಯಿಟ್ಟಳು: ಇರುವೆಯಲ್ಲ. ಸೀಟು: ಬೆಕ್ಕಲ್ಲ. ಬಟ್ಟೆ ಮಡಚಿ ಬಿಸಿ ಇಂಜಿನ್ನಿನ ಹೊಟ್ಟೆಗೆ ಅಂಗೈ ಒತ್ತಿದಳು. ಅವಳ ಹುಬ್ಬು ಮೇಲೇರಿತು. ಇಂಜಿನ್ನು ನಡುಗುತ್ತಿದ್ದುದೇನೋ ನಿಜ, ಆದರೆ ಅದರ ಸುತ್ತಲಿನ ಕಬ್ಬಿಣದ ಚೌಕಟ್ಟು ಅದಕ್ಕಿಂತ ಹೆಚ್ಚು ನಡುಗುತ್ತಿತ್ತು!

"ಬೇರಿಂಗು ಅಲ್ಲ!" ದನಿ ತನಗೇ ಗೊತ್ತಿಲ್ಲದೆ ಎತ್ತರಕ್ಕೆ ಹೋಗಿತ್ತು. "ಬೇರಿಂಗಾದ್ರೆ ಹೊಟ್ಟೇಲಿ ಗುರುಗುರು ಇರ್ತಿತ್ತು. ಇಂಜಿನ್ ಗಟ್ಟಿಯಾಗಿದೆ ಕಣೋ, ಕಟ್ಟಿರೋದು ಸರಿ ಇಲ್ಲ!"

ಗಂಡ ಒಳಗೆ ತಣ್ಣಗೆ ಮಲಗಿರುವಾಗ ಇದೇನು ಖುಷಿ ಎಂದು ಒಂದು ಗಳಿಗೆ ನಾಚಿಕೆಯಾಯಿತು. ದೇವರೇ, ಕ್ಷಮಿಸು ಎಂದುಕೊಂಡಳು. ಆದರೆ ಬೆರಳುಗಳು ಆಗಲೇ ಮುಂದಕ್ಕೆ ಹೋಗಿದ್ದವು. ಇಂಜಿನ್ನನ್ನು ಚೌಕಟ್ಟಿಗೆ ಕಟ್ಟುವ ಮುಂದಿನ ಬೋಲ್ಟಿನ ಹತ್ತಿರ ಬಂದು ನಿಂತವು. ಹಲ್ಲು. ಇಲ್ಲೇ.

"ಈಗ ಆರಿಸು. ಹದಿನಾಲ್ಕರ ಸ್ಪಾನರ್ ಕೊಡಿ ಯಾರಾದ್ರೂ!"

ಮೂರು ಜನ ಅಂಗಳದ ಮೂಲೆಯ ರಿಪೇರಿ ಅಂಗಡಿಯೊಳಗೆ ನುಗ್ಗಿದರು. ಒಳಗೆ ಕೂತಿದ್ದ ಹೆಂಗಸರೂ ಬಾಗಿಲಿಗೆ ಬಂದು ಕತ್ತು ಚಾಚಿದರು. ಶಿಷ್ಯ ಬೋಲ್ಟು ಸಡಿಲಿಸುತ್ತಿದ್ದಂತೆ ಅದು ತೂರಿದ್ದ ಚೌಕಟ್ಟಿನ ಕಿವಿ 'ಟಕ್' ಎಂದು ಹೊರಕ್ಕೆ ಚಿಮ್ಮಿತು. ಅದಕ್ಕೂ ಇಂಜಿನ್ನಿಗೂ ನಡುವೆ ಉಗುರಿನಷ್ಟು ಸಂದು.

"ಅಯ್ಯೋ," ಶಿಷ್ಯನ ಬಾಯಿಂದ ಮಾತು ಜಾರಿತು. "ತೆಳು ವಾಷರೇ ಹಾಕಿಲ್ಲ. ಬರೀ ಬಲವಂತಕ್ಕೆ ಬಿಗಿದಿದ್ದಾರೆ. ಗುಡ್ಡ ಹತ್ತುವಾಗ ಈ ಕಿವಿ ಮುರಿದಿದ್ರೆ..."

"ಯಾವನ ಕೆಲಸ ಇದು?" ಮೈದುನ ಗುಡುಗಿದ. "ಯಾರ್ಯಾರು ಮುಟ್ಟಿದ್ರು ಇದನ್ನ?"

"ಮೇಸ್ತ್ರಿ ಒಬ್ಬರೇ," ನರ್ಸಮ್ಮ ಅಂದಳು. "ಆಮೇಲೆ ಮೊನ್ನೆ ಇವರ ಗ್ಯಾರೇಜಲ್ಲಿ ಬರೀ ಆಯಿಲ್ಲು..."

ಎಲ್ಲರ ಕಣ್ಣೂ ಶಿಷ್ಯನ ಕಡೆ ಹೊರಳಿದವು. "ಅಣ್ಣನ ಹತ್ತಿರ ಕಲಿತು ಇಷ್ಟೇನಾ ನೀನು?" ಎಂದ ಮೈದುನ.

ಶಿಷ್ಯ ಒಂದು ಸಲ ಬೋಲ್ಟು ನೋಡಿದ, ಒಂದು ಸಲ ನಡುಮನೆಯ ಕಡೆ ನೋಡಿದ. ಇದು ಯಾರ ಕೈಯಿಂದ ಆದದ್ದೆಂದು ಅವನಿಗೆ ಅರ್ಥವಾಗಿತ್ತು. ತಲೆ ತಗ್ಗಿಸಿ, "ನಾನೇ ಇರಬೇಕು. ಗಡಿಬಿಡೀಲಿ ಬಿಟ್ಟೆ," ಎಂದ.

* * *

ಒಂಬತ್ತು ದಿನದ ಹಿಂದೆ ಅವಳು ಜ್ವರದಿಂದ ಹಾಸಿಗೆ ಹಿಡಿದಿದ್ದಳು. ಸಂಜೆ ಮೇಸ್ತ್ರಿ ಮಂಚದ ಅಂಚಿಗೆ ಕೂತು, ಶಾಲೆಯಲ್ಲಿ ಬಹುಮಾನ ಗೆದ್ದ ಹುಡುಗನ ಹಾಗೆ ಬೀಗಿದ. "ನರ್ಸಮ್ಮನ ಗಾಡಿ ಇಂಜಿನ್ ಇಳಿಸಿ ಕೂರಿಸಿದೆ ಕಣೇ. ಒಬ್ಬನೇ! ನಿನ್ನ ಕರೀಲಿಲ್ಲ ನೋಡು."

ಅವಳು ಬಿಸಿ ಅಂಗೈಯನ್ನು ಅವನ ಕೈಮೇಲಿಟ್ಟು, "ಶಾಭಾಸ್" ಅಂದಿದ್ದಳು. ಅವನಿಗೆ ಬಿಸಿ ತಿಳಿದಿರಲಿಲ್ಲ.

* * *

ಸುಮ್ಮನಿದ್ದರೆ ಮುಗಿಯುತ್ತಿತ್ತು. ಇನ್ನೊಂದು ಗಂಟೆಯಲ್ಲಿ ಮೇಸ್ತ್ರಿ ಒಳ್ಳೆಯ ಹೆಸರು ಹೊತ್ತುಕೊಂಡು ಹೊರಡುತ್ತಿದ್ದ. ಅವಳು ಶಿಷ್ಯನ ಬಗ್ಗಿದ ತಲೆಯನ್ನು ನೋಡಿದಳು. ಗಂಡ ಬದುಕಿದ್ದಿದ್ದರೆ ಅದನ್ನು ಹೀಗೆ ಬಗ್ಗಲು ಬಿಡುತ್ತಿರಲಿಲ್ಲ.

"ಸುಳ್ಳು ಹೇಳಬೇಡ," ಎಂದಳು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ, "ಬಿಟ್ಟಿದ್ದು ನಮ್ಮನೆಯವರು. ಅವರ ಬೆರಳಿಗೆ ಹತ್ತು ವರ್ಷದಿಂದ ಸ್ಪರ್ಶ ಇರಲಿಲ್ಲ. ವಾಷರ್ ಬಿದ್ದಿದ್ದು ಅವರಿಗೆ ಗೊತ್ತಾಗಿಲ್ಲ. ಆವತ್ತು ನಾನು ಜೊತೇಲಿರಲಿಲ್ಲ. ಉಳಿದ ದಿನವೆಲ್ಲ ಮುಟ್ಟಿ ನೋಡ್ತಿದ್ದಿದ್ದು ನಾನು, ರೋಗ ಹೇಳ್ತಿದ್ದಿದ್ದು ಅವರು. ದೇವರು ಈ ಮನೆಗೆ ಕೊಟ್ಟಿದ್ದು ಎರಡು ಜೊತೆ ಕೈ."

ಶಿಷ್ಯ ಕಣ್ಣರಳಿಸಿ ಅವಳನ್ನೇ ನೋಡಿದ.

"ಅಂದ್ರೆ ನೀವು ಬಾಗಿಲಲ್ಲಿ ನಿಂತು ಇರುವೆ, ಇರುವೆ ಅಂತಿದ್ದಿದ್ದು..."

"ಹೂಂ."

"ಅಯ್ಯೋ ಅಮ್ಮಾ! ನಾನು ಎರಡು ಡಬ್ಬಿ ಇರುವೆಪುಡಿ ತಂದುಕೊಟ್ಟಿದ್ದೆನಲ್ಲ!"

ಮೊದಲು ನಕ್ಕವಳು ಅವಳೇ. ನರ್ಸಮ್ಮ ಬಾಯಿಗೆ ಕೈ ಅಡ್ಡ ಹಿಡಿದಳು. ಮೈದುನ ನಕ್ಕೂ ಅತ್ತೂ ಮೂಗು ಒರೆಸಿಕೊಂಡ. ನಗು ಇಳಿಯುವಷ್ಟರಲ್ಲಿ ಅವಳು ಅಂಗಡಿಯ ಮೇಜಿನ ಕೆಳಗೆ ಮಂಡಿಯೂರಿ, ಎಣ್ಣೆಯ ಜಿಡ್ಡಿಗೆ ನೆಲಕ್ಕಂಟಿದ್ದ ತೆಳು ವಾಷರನ್ನು ಉಗುರಿನಿಂದ ಎಬ್ಬಿಸಿ ತಂದಿದ್ದಳು. ತಾನೇ ಕೂರಿಸಿದಳು. ಶಿಷ್ಯ ಬಿಗಿದ.

ಇಂಜಿನ್ನು ಒಂದೇ ಒದೆಗೆ ಹತ್ತಿ, ತೊಟ್ಟಿಲ ಮಗುವಿನ ಹಾಗೆ ಉಸಿರಾಡಿತು. ನರ್ಸಮ್ಮ ಓಡಿಹೋಗಿ ಮೇಸ್ತ್ರಿಯ ಮುಖ ನೋಡಿ, ಓಡಿಬಂದು ಗಾಡಿ ಹತ್ತಿದಳು. ಅವಳು ಗುಡ್ಡದ ತಿರುವಿನಲ್ಲಿ ಮರೆಯಾಗುವವರೆಗೂ ಜನ ಕಿವಿಗೊಟ್ಟು ನಿಂತಿದ್ದರು.

ನಾಲ್ಕು ಗಂಟೆಗೆ ಎತ್ತಲು ಬಂದರು. ಮೇಸ್ತ್ರಿಗೆ ಹೊದಿಸಿದ್ದ ಬಿಳಿ ಬಟ್ಟೆ ಒಂದು ಕಡೆ ಸರಿದಿತ್ತು. ಅವಳು ಬಗ್ಗಿ, ಎದೆಯ ಮೇಲೆ ಅದನ್ನು ಎಳೆದು ನೇರ ಮಾಡಿದಳು. ಕೈ ತೆಗೆದಾಗ ಅಲ್ಲಿ ಗ್ರೀಸಿನ ಕಪ್ಪು ಹೆಬ್ಬೆಟ್ಟು ಮೂಡಿತ್ತು.

ಮೈದುನ ಒಳಗೆ ಓಡಿ ಇನ್ನೊಂದು ಹೊಸ ಬಟ್ಟೆ ತಂದ. ತಂದವನು ಅದನ್ನು ಬಿಚ್ಚದೆ ಒಂದು ಗಳಿಗೆ ನಿಂತ. ಆಮೇಲೆ ಮಡಚಿದ ಬಟ್ಟೆಯನ್ನು ಹಾಗೆಯೇ ಕಂಕುಳಿಗೆ ಸೇರಿಸಿ, ಅಣ್ಣನಿಗೆ ಹೆಗಲು ಕೊಟ್ಟ. ಹೊರಗಿನ ಬಿಸಿಲಿನಲ್ಲಿ ಆ ಹೆಬ್ಬೆಟ್ಟಿನ ಗೆರೆಗಳು ಒಂದೊಂದೂ ಎಣಿಸುವ ಹಾಗೆ ಕಾಣುತ್ತಿದ್ದವು.