ಗೋಣಿಬೀಡಿನ ತಿರುವಿನಲ್ಲಿ ಆಡಿದ ಮಾತು

ತಮ್ಮಯ್ಯ ಸಿಲ್ವರ್ ಓಕ್ ಮರದಿಂದ ಬಿದ್ದು ಸತ್ತಾಗ ಅವನ ಮಗ ಬಾಲರಾಜನಿಗೆ ಹತ್ತೊಂಬತ್ತು ವರ್ಷ. ನೆರಳಿನ ಮರ ಹತ್ತಿ ಕೊಂಬೆ ಕಡಿಯುವ ಮರಗಸಿ ಕೆಲಸದಲ್ಲಿ ತಮ್ಮಯ್ಯನಂಥವರು ಗೋಣಿಬೀಡಿನ ಸುತ್ತ ಇನ್ನೊಬ್ಬರಿರಲಿಲ್ಲ. ಹಗ್ಗ ಸವೆದಿದೆ, ಬೇರೆ ಕೊಡಿಸಿ ಎಂದು ಅವನು ಕಾಫಿ ಎಸ್ಟೇಟಿನಲ್ಲಿ ಎರಡು ಸಲ ಕೇಳಿದ್ದ. ಕೊನೆಗೆ ಆ ಹಗ್ಗವೇ ಹರಿಯಿತು. ಪೊಲೀಸರು ಬಂದಾಗ ಆಳುಗಳ ಲೆಕ್ಕ ಬರೆಯುವ ಎಸ್ಟೇಟ್ ರೈಟರ್ ಕಲ್ಲೇಶ್ ಹೇಳಿಕೆ ಕೊಟ್ಟ. ‘ಕುಡಿದು ಮರ ಹತ್ತಿದ್ದ. ಬೇಡ ಅಂದ್ರೂ ಕೇಳಲಿಲ್ಲ.’

ತಮ್ಮಯ್ಯ ಜೀವಮಾನದಲ್ಲಿ ಕುಡಿದವನಲ್ಲ. ಅವನ ಹೆಂಡತಿ ರಾಮಮ್ಮ ತಿಂಗಳುಗಟ್ಟಲೆ ಸಿಕ್ಕಸಿಕ್ಕವರಿಗೆಲ್ಲ ಅದನ್ನೇ ಹೇಳಿದಳು. ಕೇಳಿದವರು ತಲೆಯಾಡಿಸಿ ಹೋಗುತ್ತಿದ್ದರು. ಆಮೇಲೆ ಅವಳು ಹೇಳುವುದನ್ನೂ ಬಿಟ್ಟಳು, ಮದುವೆ ಮುಂಜಿ ಅಂತ ಹೊರಗೆ ಹೋಗುವುದನ್ನೂ ಬಿಟ್ಟಳು. ಅಪ್ಪ ಸತ್ತದ್ದಕ್ಕಿಂತ ಅಮ್ಮ ಹೀಗೆ ಬಾಯಿ ಮುಚ್ಚಿದ್ದು ಬಾಲರಾಜನನ್ನು ಹೆಚ್ಚು ಕೊರೆಯಿತು. ಅವನು ಎಸ್ಟೇಟ್ ಕೆಲಸಕ್ಕೆ ಹೋಗಲಿಲ್ಲ. ಡ್ರೈವಿಂಗ್ ಕಲಿತು ಒಂದು ಪಿಕಪ್ ಓಡಿಸತೊಡಗಿದ. ತಂಗಿ ಭವ್ಯಾಳನ್ನು ಹಾಲೇಶನಿಗೆ ಮದುವೆ ಮಾಡಿಕೊಟ್ಟ. ಹಾಲೇಶ ಊರಾಚೆಯ ತಿರುವಿನಲ್ಲಿ ಪಂಕ್ಚರ್ ಅಂಗಡಿ ಇಟ್ಟಿದ್ದವನು. ಮುಂಗೋಪಿ, ಆದರೆ ಒಳ್ಳೆಯವನು. ರಾಮಮ್ಮನ ಮನೆಯಲ್ಲಿ ಮತ್ತೆ ನಗು ಕೇಳಿಸಿದ್ದು ಅವನಿಂದಲೇ.

ಹನ್ನೊಂದು ವರ್ಷ ಕಳೆಯಿತು. ಬಾಲರಾಜನಿಗೆ ಕಲ್ಲೇಶ್ ವಾರಕ್ಕೊಮ್ಮೆಯಾದರೂ ಎದುರಾಗುತ್ತಿದ್ದ. ಒಮ್ಮೆಯೂ ಇವನು ಮಾತಾಡಲಿಲ್ಲ.

ಜನವರಿಯ ಒಂದು ಮಧ್ಯಾಹ್ನ ಬಾಲರಾಜ ಮೂಡಿಗೆರೆಯಿಂದ ಬರುತ್ತಿದ್ದ. ಮುಂದೆ ಕಲ್ಲೇಶನ ಹಳೆಯ ವ್ಯಾನು ನಿಧಾನಕ್ಕೆ ಹೋಗುತ್ತಿತ್ತು. ಹಾಲೇಶನ ಅಂಗಡಿಯ ತಿರುವಿನಲ್ಲಿ ಎದುರಿನಿಂದ ಸ್ಕೂಟರ್ ಬಂತು. ಊರಿನ ಶಾಲೆಯ ಹೊಸ ಟೀಚರ್. ನಾಯಿಯೊಂದು ಅಡ್ಡ ಬಂದಿತು, ಅವಳು ಹ್ಯಾಂಡಲ್ ತಿರುಗಿಸಿದಳು, ಸ್ಕೂಟರ್ ಜಾರಿಕೊಂಡು ಬಂದು ವ್ಯಾನಿಗೆ ಬಡಿಯಿತು. ಕಲ್ಲೇಶ್ ತನ್ನ ಬದಿಯಲ್ಲೇ ಇದ್ದ. ಬ್ರೇಕನ್ನೂ ಹಾಕಿದ್ದ. ಬಾಲರಾಜ ಎಲ್ಲವನ್ನೂ ಕಣ್ಣಾರೆ ಕಂಡ.

ಐದು ನಿಮಿಷದಲ್ಲಿ ಜನ ಸೇರಿದರು. ಟೀಚರ್ ಅಲುಗಾಡದೆ ಬಿದ್ದಿದ್ದಳು, ತಲೆಯಿಂದ ರಕ್ತ ಹೋಗುತ್ತಿತ್ತು. ಸತ್ತೇ ಹೋದಳು ಅಂದುಕೊಂಡರು. ಯಾರೋ ಅವಳನ್ನು ಜೀಪಿಗೆ ಹಾಕಿಕೊಂಡು ಹೊರಟರು. ಉಳಿದವರು ಕಲ್ಲೇಶನ ಅಂಗಿ ಹಿಡಿದರು. ಅವನ ಮಾತು ತೊದಲುತ್ತಿತ್ತು. ಗುಂಪಿನಾಚೆ ಬಾಲರಾಜನನ್ನು ನೋಡಿ ಅವನ ಮುಖಕ್ಕೆ ಜೀವ ಬಂತು.

‘ಬಾಲರಾಜ, ನೀನು ಹಿಂದೇನೇ ಇದ್ಯಲ್ಲ ಮಾರಾಯ. ನೋಡಿದ್ಯಲ್ಲ. ಸ್ವಲ್ಪ ಹೇಳು ಇವ್ರಿಗೆ.’

ಎಲ್ಲರೂ ತಿರುಗಿದರು. ಬಾಲರಾಜ ಏನನ್ನೂ ಯೋಚಿಸಿಟ್ಟುಕೊಂಡು ಬಂದಿರಲಿಲ್ಲ. ಆದರೆ ಮಾತು ಬಾಯಲ್ಲಿ ಸಿದ್ಧವಾಗಿಯೇ ಇತ್ತು.

‘ಕುಡಿದಿದಾನೆ,’ ಅಂದ. ‘ಮೂಡಿಗೆರೆಯಿಂದ್ಲೂ ಅಡ್ಡಾದಿಡ್ಡಿ ಬರ್ತಿದ್ದ.’

ಕಲ್ಲೇಶ್ ಅವನನ್ನೇ ನೋಡಿದ. ಅರ್ಥವಾಯಿತು ಅನ್ನುವ ಹಾಗೆ ತಲೆ ತಗ್ಗಿಸಿದ. ಅಷ್ಟರಲ್ಲಿ ಮೊದಲ ಏಟು ಬಿತ್ತು.

ಒಂದೆರಡು ಬೀಳಲಿ ಎಂದು ಬಾಲರಾಜ ದೂರ ನಿಂತ. ನಾಲ್ಕು ಜನರೆದುರು ಕಲ್ಲೇಶನ ಮರ್ಯಾದೆ ಹೋಗಲಿ, ಅಷ್ಟೇ ಸಾಕಾಗಿತ್ತು ಅವನಿಗೆ. ಅಂಗಡಿಯಿಂದ ಹಾಲೇಶ ಓಡಿ ಬಂದದ್ದನ್ನು ಅವನು ನೋಡಿದ. ಟೈರ್ ಬಿಚ್ಚುವ ಕಬ್ಬಿಣದ ಲಿವರ್ ಹಾಲೇಶನ ಕೈಯಲ್ಲೇ ಇತ್ತು. ಆ ಟೀಚರ್ ಹಾಲೇಶನ ಮಗಳಿಗೆ ಅಕ್ಷರ ಕಲಿಸುತ್ತಿದ್ದವಳು.

‘ಹಾಲೇಶ, ಬೇಡ,’ ಎಂದು ಬಾಲರಾಜ ಮುಂದೆ ನುಗ್ಗಿದ. ಗುಂಪು ದಾರಿ ಬಿಡಲಿಲ್ಲ. ಒಳಗೆ ತಲುಪುವಾಗ ಕಲ್ಲೇಶ್ ಮಣ್ಣಿನಲ್ಲಿ ಮಗ್ಗುಲಾಗಿ ಬಿದ್ದಿದ್ದ.

ಕಲ್ಲೇಶ್ ಮರುದಿನ ಆಸ್ಪತ್ರೆಯಲ್ಲಿ ತೀರಿಕೊಂಡ. ಅವನ ರಕ್ತದಲ್ಲಿ ಮದ್ಯದ ಅಂಶವಿಲ್ಲ ಎಂದು ವರದಿ ಬಂತು. ಟೀಚರ್ ಬದುಕಿದಳು. ಪ್ರಜ್ಞೆ ಬಂದ ಮೇಲೆ ಪೊಲೀಸರಿಗೆ, ತಪ್ಪು ನನ್ನದೇ, ನಾಯಿ ತಪ್ಪಿಸೋಕೆ ಹೋದೆ, ವ್ಯಾನಿನವರದ್ದು ಏನೂ ಇಲ್ಲ ಅಂದಳು. ಯಾರದೋ ಮೊಬೈಲ್ ವಿಡಿಯೋದಲ್ಲಿ ಲಿವರ್ ಎತ್ತಿದ ಹಾಲೇಶ ಸ್ಪಷ್ಟವಾಗಿ ಕಾಣುತ್ತಿದ್ದ. ಅವನನ್ನು ಮನೆಯಿಂದಲೇ ಕರೆದೊಯ್ದರು.

ಬಾಲರಾಜ ಮೂರು ದಿನ ಊಟ ಬಿಟ್ಟ. ನಾಲ್ಕನೆಯ ದಿನ ಅಮ್ಮ ಮತ್ತು ತಂಗಿಯೆದುರು ಕೂತು ಎಲ್ಲವನ್ನೂ ಹೇಳಿದ.

ಭವ್ಯಾ ಕೇಳಿದ್ದು ಒಂದೇ. ‘ನೀನು ಹೇಳಿದ್ದನ್ನ ನಮ್ಮನೆಯವ್ರು ನಂಬಿ ಹೊಡೆದ್ರಾ ಅಣ್ಣ?’

‘ಹೂಂ.’

ಅವಳು ಎದ್ದು ಮಗಳ ಬಟ್ಟೆ ಮಡಚತೊಡಗಿದಳು.

ರಾಮಮ್ಮ ಅತ್ತು ಕೂಗಾಡಲಿಲ್ಲ. ಸೀರೆ ಬದಲಿಸಿ ಕಲ್ಲೇಶನ ಮನೆಗೆ ಹೊರಟಳು. ಹನ್ನೊಂದು ವರ್ಷದಲ್ಲಿ ಅವಳು ಆ ಬೀದಿ ತುಳಿದಿರಲಿಲ್ಲ. ಬಾಲರಾಜ ಹಿಂದೆ ಹೋಗಿ ಅಂಗಳದಲ್ಲೇ ನಿಂತ. ಕಲ್ಲೇಶನ ಹೆಂಡತಿ ಅಂಜನಮ್ಮ ಬಾಗಿಲಿಗೆ ಬಂದಳು.

‘ನಿಮ್ಮ ಯಜಮಾನ್ರು ಕುಡಿದಿರ್ಲಿಲ್ಲ ಅಂತ ಹೇಳೋಕೆ ಬಂದೆ,’ ಅಂದಳು ರಾಮಮ್ಮ. ‘ನನ್ನ ಮಗನೇ ಸುಳ್ಳು ಹೇಳಿದ್ದು.’

‘ನಿಮ್ಮವರೂ ಕುಡಿದಿರ್ಲಿಲ್ಲ,’ ಅಂದಳು ಅಂಜನಮ್ಮ. ‘ಇವ್ರೇ ಹೇಳಿದ್ರು ನಂಗೆ. ತಮ್ಮ ಕೆಲಸ ಹೋಗುತ್ತೆ ಅಂತ ಪೊಲೀಸ್ರ ಹತ್ರ ಹಾಗೆ ಬರೆಸಿದ್ರಂತೆ. ಒಂದು ದಿನ ನಿಮ್ಮನೆಗೆ ಬಂದು ಹೇಳ್ಬೇಕು ಅಂತಿದ್ರು. ಧೈರ್ಯ ಬರ್ಲಿಲ್ಲ.’

‘ಬಂದಿದ್ರೆ ಕಾಫಿ ಕೊಡ್ತಿದ್ದೆ,’ ಅಂದಳು ರಾಮಮ್ಮ. ಇಬ್ಬರೂ ಅಳಲಿಲ್ಲ. ಅಂಜನಮ್ಮ ಬಾಗಿಲು ಮುಂದೆ ಮಾಡಿಕೊಂಡಳು.

ಬಾಲರಾಜ ಅಲ್ಲಿಂದ ನೇರವಾಗಿ ಠಾಣೆಗೆ ಹೋದ. ಇನ್ಸ್‌ಪೆಕ್ಟರ್ ಬರೆದುಕೊಂಡರು, ಅವನ ಮೇಲೂ ಕೇಸು ದಾಖಲಿಸಿದರು. ‘ನನ್ನನ್ನ ಒಳಗೆ ಹಾಕಿ, ಭಾವನ್ನ ಬಿಡಿ ಸಾರ್,’ ಅಂದ. ‘ಹೊಡೆದಿದ್ದು ಅವನು ಕಣಯ್ಯ,’ ಅಂದರು ಅವರು. ಬಾಲರಾಜನಿಗೆ ಕೆಲವೇ ವಾರದಲ್ಲಿ ಜಾಮೀನು ಸಿಕ್ಕಿತು. ಹಾಲೇಶನಿಗೆ ಸಿಗಲಿಲ್ಲ.

ಈಗ ಭವ್ಯಾ ಗಂಡನ ಅಂಗಡಿಯನ್ನು ಮುಚ್ಚಿ ಕಾಫಿ ಕುಯ್ಲಿಗೆ ಹೋಗುತ್ತಾಳೆ. ತಿಂಗಳಿಗೆರಡು ಸಲ ಮಗಳ ಕೈ ಹಿಡಿದುಕೊಂಡು ಚಿಕ್ಕಮಗಳೂರಿನ ಜೈಲಿಗೆ ಬಸ್ಸು ಹತ್ತುತ್ತಾಳೆ. ಮೊದಲ ಸಲ ಬಾಲರಾಜ ಬಸ್ ಸ್ಟಾಪಿನಲ್ಲಿ ಪಿಕಪ್ ನಿಲ್ಲಿಸಿ, ‘ಹತ್ತು ಭವ್ಯಾ, ಬಿಟ್ಟು ಬರ್ತೀನಿ,’ ಅಂದ. ಮಗು ಮಾವನ ಕಡೆ ಒಂದು ಹೆಜ್ಜೆ ಇಟ್ಟಿತು. ಭವ್ಯಾ ಅದನ್ನು ಎತ್ತಿಕೊಂಡು ಸ್ಟಾಪಿನ ಇನ್ನೊಂದು ತುದಿಗೆ ಹೋಗಿ ನಿಂತಳು. ಬಸ್ಸು ಬರುವವರೆಗೂ ಬಾಲರಾಜ ಎಂಜಿನ್ ಆರಿಸದೆ ಅಲ್ಲೇ ಕೂತಿದ್ದ.