ಯಾರಿಗೂ ಬೇಡದ ವಸ್ತು

ಡೇಲ್ ಕಿವೆಲಾನಿಗೆ ಪೆಟ್ಟಿಗೆ ಬಿಚ್ಚುವುದೇ ಬೇಸರವಾಗಿತ್ತು. ಪೆಟ್ಟಿಗೆ ಬಿಚ್ಚುವುದೇ ಹೊಟ್ಟೆಪಾಡಾದವನಿಗೆ ಇದಕ್ಕಿಂತ ದೊಡ್ಡ ಕಷ್ಟ ಬೇಕಿಲ್ಲ. ಥಂಡರ್ ಬೇ ಊರಿನ ಅವನ ಮನೆಯ ಮೆಟ್ಟಿಲ ಮೇಲೆ ದಿನ ಬೆಳಗಾದರೆ ಒಂದು ಪೆಟ್ಟಿಗೆ ಹಿಮದಲ್ಲಿ ತೊಯ್ದು ಕುಳಿತಿರುತ್ತಿತ್ತು. ಇಂದು ಫೋನು, ನಾಳೆ ಗಡಿಯಾರ, ನಾಡಿದ್ದು ಹಲ್ಲುಜ್ಜಿದ್ದು ಸಾಲದು ಎಂದು ಗದರಿಸುವ ಬ್ರಷ್ಷು. ಅವನ್ನೆಲ್ಲ ಬಳಸಿ ನೋಡಿ, ಅಂತರ್ಜಾಲದ ಪತ್ರಿಕೆಗೆ ತನ್ನ ಅಭಿಪ್ರಾಯ ಬರೆದು, ಕೊನೆಯಲ್ಲಿ ಹತ್ತಕ್ಕೆ ಇಷ್ಟು ಅಂಕ ಎಂದು ಕೊಡುವುದು ಅವನ ಕೆಲಸ.

ಹರೆಯದಲ್ಲಿ ಅವನು ಹೀಗಿರಲಿಲ್ಲ. ಮೊದಲ ಕಂಪ್ಯೂಟರನ್ನು ಮನೆಗೆ ತಂದ ದಿನ ಊಟ ಬಿಟ್ಟು ಅದರ ಮುಂದೆ ಕುಳಿತವನು. ಜೇಬಿನಲ್ಲಿ ಸಾವಿರ ಹಾಡು ಹಿಡಿಸಬಹುದು ಎಂದಾಗ ಬೀದಿಯಲ್ಲಿ ಸಿಕ್ಕಸಿಕ್ಕವರ ಕಿವಿಗೆ ಅದನ್ನು ಸಿಕ್ಕಿಸಿ ಕೇಳಿಸಿದವನು. ಈಗ ಹೊಸತೆಂಬುದು ಎಲ್ಲಿದೆ? ಹೋದ ವರ್ಷದ ಫೋನನ್ನೇ ಅಕ್ಕಿಕಾಳಿನಷ್ಟು ತೆಳ್ಳಗೆ ಮಾಡಿ, ಬೇಕಾಗಿದ್ದ ಒಂದು ತೂತನ್ನು ಮುಚ್ಚಿ, ಬೇಡದ ಒಂದು ಕ್ಯಾಮೆರಾ ಅಂಟಿಸಿ ಕಳಿಸುತ್ತಾರೆ. ಬಟ್ಟೆ ಒಗೆಯುವ ಯಂತ್ರಕ್ಕೆ ಪಾಸ್‌ವರ್ಡ್ ಹೇಳದಿದ್ದರೆ ಅಂಗಿ ಒದ್ದೆಯಾಗುವುದಿಲ್ಲ. ಕೊಂಡ ವಸ್ತುವಿಗೆ ತಿಂಗಳ ಬಾಡಿಗೆ ಬೇರೆ. ಎಲ್ಲಕ್ಕೂ ಬುದ್ಧಿ ತುಂಬಿದ್ದೇವೆ ಅನ್ನುತ್ತಾರೆ, ಆ ಬುದ್ಧಿಯನ್ನು ಆರಿಸಿಡುವ ಗುಂಡಿ ಎಲ್ಲಿದೆ ಎಂದರೆ ಉತ್ತರವಿಲ್ಲ. ಇದನ್ನು ನೇರವಾಗಿ ಬರೆಯದೆ, ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಬರೆದು ಏಳು ಅಂಕ ಕೊಟ್ಟು ಅವನಿಗೆ ಸಾಕಾಗಿಹೋಗಿತ್ತು.

ಈ ಕಸುಬಿನವರಲ್ಲಿ ಒಂದು ಕಟ್ಟಳೆ ಉಂಟು. ವಸ್ತುವಿನ ಜೊತೆ ಒಂದು ವಾರ ಬಾಳದೆ ಅದರ ಬಗ್ಗೆ ಬಾಯಿ ಬಿಡಬಾರದು. ಹೊಸದಾಗಿ ಬರೆಯಲು ಬಂದವರಿಗೆ ಡೇಲ್ ಮೊದಲು ಹೇಳಿಕೊಡುತ್ತಿದ್ದ ಪಾಠವೂ ಇದೇ. ಇನ್ನೊಂದು ವಾಡಿಕೆಯೂ ಉಂಟು, ಅದನ್ನು ಯಾರೂ ಹೇಳಿಕೊಡುವುದಿಲ್ಲ. ಪರೀಕ್ಷೆಗೆಂದು ಬಂದ ವಸ್ತುವನ್ನು ಕಂಪನಿ ವಾಪಸು ಕೇಳದಿದ್ದರೆ ಅದು ಮೆಲ್ಲಗೆ ಅಣ್ಣನಿಗೋ ಅತ್ತೆಗೋ ಸೇರಿಬಿಡುತ್ತದೆ. ಕ್ಯಾಮೆರಾದ ಕಣ್ಣಿಗೆ ಹಿಡಿದದ್ದನ್ನು ಹೆಸರಿಸಿ ಮಾತಾಡುವ ಅಡುಗೆಮನೆಯ ಯಂತ್ರ ‘ಟಿಲ್ಲಿ’ ಆರು ವರ್ಷಗಳ ಹಿಂದೆ ಮೊದಲ ಬಾರಿ ಬಂದಾಗ ಡೇಲ್ ಅದಕ್ಕೆ ಒಂಬತ್ತು ಅಂಕ ಕೊಟ್ಟು, ಅಕ್ಕ ಐಲಿಯ ಮನೆಯಲ್ಲಿ ಇಟ್ಟು ಬಂದಿದ್ದ. ಶಾಲೆಯ ಬಸ್ಸು ಓಡಿಸುತ್ತಿದ್ದ ಐಲಿಗೆ ಆಗಷ್ಟೇ ಕಣ್ಣು ಮಂಜಾಗತೊಡಗಿತ್ತು. ಈಗ ಎದುರಿಗೆ ಇರುವುದು ಏನೂ ಕಾಣುವುದಿಲ್ಲ, ಬದಿಯಲ್ಲಿ ಇರುವುದು ಮಾತ್ರ ನೆರಳಿನಂತೆ ಕಾಣುತ್ತದೆ.

ಮಾರ್ಚ್ ತಿಂಗಳಲ್ಲಿ ಹೊಸ ಟಿಲ್ಲಿ ಬಂತು. ಡೇಲ್ ಅದನ್ನು ಮೇಜಿನ ಮೇಲಿಟ್ಟು ಗಂಟೆ ಎಷ್ಟೆಂದು ಕೇಳಿದ, ಹೇಳಿತು. ಹೊರಗೆ ಚಳಿಯೇ ಎಂದು ಕೇಳಿದ, ಹೌದೆಂದಿತು. ಕೂಡಲೇ, ತಿಂಗಳಿಗೆ ಇಷ್ಟು ಕೊಟ್ಟರೆ ಇನ್ನೂ ಚೆನ್ನಾಗಿ ಮಾತಾಡುತ್ತೇನೆ ಎಂದಿತು. ಡೇಲ್ ಅದರ ತಂತಿ ಕಿತ್ತು ಪೆಟ್ಟಿಗೆಗೆ ತುರುಕಿದ. ವಾರವೆಲ್ಲಿ ಬಂತು, ಒಂದು ಸಂಜೆಯೂ ಪೂರ್ತಿ ಆಗಲಿಲ್ಲ.

ಬರೆಯಲು ಕೂತರೆ ಬರಹ ತಾನಾಗಿ ಹರಿಯಿತು. ‘ಗಂಟೆ ನೋಡಲು ಗೋಡೆಯಲ್ಲಿ ಗಡಿಯಾರವಿದೆ. ಡಬ್ಬದಲ್ಲಿ ಏನಿದೆ ಎಂದು ತಿಳಿಯಲು ನಮಗೆಲ್ಲ ಕಣ್ಣಿದೆ. ನಮ್ಮ ಸೋಮಾರಿತನಕ್ಕೆ ಒಂದು ಬಾಯಿ ಮಾಡಿಸಿ, ಆ ಬಾಯಿಗೆ ನಮ್ಮಿಂದಲೇ ಬಾಡಿಗೆ ಕೇಳುತ್ತಿದ್ದಾರೆ. ಇದು ಯಾರಿಗೂ ಬೇಡದ ವಸ್ತು.’ ಎರಡು ಅಂಕ ಕೊಟ್ಟ.

ಕಂಪನಿ ಗೊತ್ತುಮಾಡಿದ ದಿನ ಎಲ್ಲರ ಬರಹಗಳೂ ಒಂದೇ ಗಳಿಗೆಯಲ್ಲಿ ಹೊರಬಂದವು. ಉಳಿದವರದೆಲ್ಲ ಏಳು, ಎಂಟು. ಡೇಲ್‌ನದನ್ನು ಜನ ಬಾಯಿಂದ ಬಾಯಿಗೆ ದಾಟಿಸಿದರು. ಕೊನೆಗೂ ಒಬ್ಬ ಗಂಡಸು ನಿಜ ಹೇಳಿದ ಎಂದು ಯಾರೋ ಬರೆದರು. ಬಹಳ ಕಾಲದ ಮೇಲೆ ಡೇಲ್‌ಗೆ ಮೈ ಹಗುರಾಯಿತು. ಸಂಜೆ ಕಂಪನಿಯ ಪ್ರಚಾರ ನೋಡಿಕೊಳ್ಳುವ ಶಾನನ್ ಎಂಬಾಕೆಯಿಂದ ಮೇಲ್ ಬಂತು: ಪರೀಕ್ಷಕರ ಪಟ್ಟಿಯನ್ನು ಹೊಸದಾಗಿ ಮಾಡುತ್ತಿದ್ದೇವೆ, ತಮ್ಮ ಖಾತೆಯನ್ನು ಮುಚ್ಚಲಾಗುವುದು, ಇಷ್ಟು ದಿನದ ಒಡನಾಟಕ್ಕೆ ವಂದನೆ. ಪೀಡೆ ತೊಲಗಿತು ಎಂದುಕೊಂಡು ಅವನು ಒಂದು ಬಿಯರ್ ತೆರೆದ.

ಮರುದಿನ ಬೆಳಿಗ್ಗೆ ಐಲಿಯ ಫೋನು ಬಂತು.

“ಟಿಲ್ಲಿ ಮಾತಾಡ್ತಿಲ್ಲ ಕಣೋ.”

“ತಂತಿ ಕಿತ್ತು ಮತ್ತೆ ಹಾಕಿ ನೋಡಕ್ಕಾ.”

“ಅಷ್ಟೂ ಗೊತ್ತಿಲ್ದೆ ನಿನಗೆ ಫೋನ್ ಮಾಡ್ತೀನಾ? ಎಷ್ಟು ಸಲ ಹಾಕಿದ್ರೂ ಒಂದೇ ಮಾತು. ಈ ಪರೀಕ್ಷಕರ ಖಾತೆ ಮುಚ್ಚಿದೆ ಅನ್ನುತ್ತೆ, ಸುಮ್ಮನಾಗುತ್ತೆ. ಯಾವ ಪರೀಕ್ಷಕ? ನಾನೇನು ಪರೀಕ್ಷೆ ಕೊಟ್ಟೆ?”

ಡೇಲ್ ಕೈಯಲ್ಲಿದ್ದ ಕಾಫಿಯನ್ನು ಕೆಳಗಿಟ್ಟ. ಅಂದು ಅಕ್ಕನ ಮನೆಯಲ್ಲಿ ಅದನ್ನು ಜೋಡಿಸುವಾಗ ಅವಸರವಿತ್ತು, ತನ್ನದೇ ಪರೀಕ್ಷಕರ ಖಾತೆಯಲ್ಲಿ ನಡೆಯಲಿ ಎಂದು ಬಿಟ್ಟಿದ್ದ. ಆಮೇಲೆ ಮರೆತೇಬಿಟ್ಟಿದ್ದ. ತನ್ನ ಕಾಲ ಮೇಲೆ ತಾನೇ ಕಲ್ಲು ಎತ್ತಿಹಾಕಿಕೊಳ್ಳುವವರುಂಟು, ಇವನು ನೇರ ಅಕ್ಕನ ಕಾಲ ಮೇಲೆ ಹಾಕಿದ್ದ.

ಹಿಮ ಕರಗಿ ರಾಡಿಯಾದ ದಾರಿಯಲ್ಲಿ ಊರಿನ ಆ ತುದಿಗೆ ಹೋಗುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಐಲಿ ಅಡುಗೆಮನೆಯ ಮೇಜಿನ ಮುಂದೆ ಕೈಕಟ್ಟಿ ಕುಳಿತಿದ್ದಳು. ಮೂಲೆಯಲ್ಲಿ ಟಿಲ್ಲಿ ಕೆಂಪು ದೀಪ ಮಿಟುಕಿಸುತ್ತ ಮೂಕವಾಗಿತ್ತು. ಏಲಕ್ಕಿ ಹಾಕಿ ಹೆಣೆದು ಸುಟ್ಟ ಪುಲ್ಲಾ ಎಂಬ ಸಿಹಿರೊಟ್ಟಿ ತಟ್ಟೆಯಲ್ಲಿತ್ತು. ಅಮ್ಮ ಮಾಡುತ್ತಿದ್ದ ಹದದಲ್ಲಿ ಅದನ್ನು ಮಾಡಲು ಬರುವುದು ಈಗ ಐಲಿ ಒಬ್ಬಳಿಗೇ.

“ತಿನ್ನು,” ಎಂದಳು.

ಡೇಲ್ ಒಂದು ತುಂಡು ಮುರಿದು ಬಾಯಿಗಿಟ್ಟ. ಉಪ್ಪು. ಸಕ್ಕರೆ ಬೀಳಬೇಕಾದಷ್ಟೂ ಉಪ್ಪು ಬಿದ್ದಿತ್ತು. ಕಷ್ಟಪಟ್ಟು ನುಂಗಿದ.

“ಹೇಗಿದೆ?”

“ಚೆನ್ನಾಗಿದೆ.”

“ನಾನೂ ತಿಂದೆ ಕಣೋ. ನಾಯಿನೂ ಮೂಸಲ್ಲ ಅದನ್ನ. ಊರಿಗೆಲ್ಲ ಅಭಿಪ್ರಾಯ ಹೇಳೋನು, ಅಕ್ಕನ ಮುಂದೆ ಬಾಯಿ ಬರಲ್ವಾ?”

ಡೇಲ್ ನೀರು ಕುಡಿದ. ಉಪ್ಪು, ಸಕ್ಕರೆಯ ಡಬ್ಬಗಳೆರಡೂ ಒಂದೇ ಅಳತೆಯವು, ಒಂದೇ ಅಂಗಡಿಯವು. ಪ್ರತಿದಿನ ಐಲಿ ಡಬ್ಬವನ್ನು ಟಿಲ್ಲಿಯ ಕಣ್ಣಿಗೆ ಹಿಡಿಯುತ್ತಿದ್ದಳು, ಅದು ಹೆಸರು ಹೇಳುತ್ತಿತ್ತು. ಮಾತ್ರೆಯ ಶೀಶೆ, ಬಂದ ಕಾಗದ, ಹಾಲು ಕೆಡುವ ದಿನ, ಒಲೆ ಆರಿತೋ ಇಲ್ಲವೋ, ಎಲ್ಲವನ್ನೂ ಅದೇ ಹೇಳುತ್ತಿತ್ತು. ಇದೆಲ್ಲ ಡೇಲ್‌ಗೆ ತಿಳಿದದ್ದೇ ಈಗ. ತಿಂಗಳಿಗೊಮ್ಮೆ ಬಂದು ಬಾಗಿಲಲ್ಲೇ ಬೂಟು ಬಿಚ್ಚದೆ ನಿಂತು ಮಾತಾಡಿ ಹೋಗುವವನಿಗೆ ತಿಳಿಯುವುದಾದರೂ ಹೇಗೆ?

“ತಪ್ಪು ನಂದೇ ಅಕ್ಕಾ,” ಎಂದು ಖಾತೆಯ ಕತೆ ಹೇಳಿದ. “ನಾನು ಒಂದು ಬರಹ ಬರೆದೆ, ಅವರಿಗೆ ಸಿಟ್ಟು ಬಂತು.”

“ಗೊತ್ತು. ಕೇಳಿದೀನಿ.”

“ಎಲ್ಲಿ ಕೇಳಿದೆ?”

ಐಲಿ ಮೂಲೆಯಲ್ಲಿದ್ದ ಟಿಲ್ಲಿಯತ್ತ ಗಲ್ಲ ಆಡಿಸಿ ತೋರಿಸಿದಳು. “ನಿನ್ನ ಬರಹ ಎಲ್ಲಾ ನನಗೆ ಓದಿ ಹೇಳ್ತಿದ್ದೋರು ಯಾರು ಅಂದ್ಕೊಂಡೆ? ಅದೇ ಓದ್ತು, ಒಂದು ಅಕ್ಷರ ನುಂಗಲಿಲ್ಲ. ಬಟ್ಟೆ ಒಗೆಯೋ ಯಂತ್ರ ಪಾಸ್‌ವರ್ಡ್ ಕೇಳೋದನ್ನ ನೀನು ಬರೆದಿದ್ಯಲ್ಲ ಹೋದ ತಿಂಗಳು, ಅದನ್ನೂ ಅದೇ ಓದಿ ನನ್ನ ನಗಿಸಿತ್ತು. ಇದನ್ನ ಓದಿದ ಮೇಲೆ ಮಾತ್ರ ನಗು ಬರಲಿಲ್ಲ. ಡಬ್ಬದಲ್ಲಿ ಏನಿದೆ ಅಂತ ತಿಳಿಯೋಕೆ ನಮಗೆಲ್ಲ ಕಣ್ಣಿದೆ. ಅಲ್ವೇನೋ?”

“ನಿನ್ನ ಬಗ್ಗೆ ಬರೆದಿದ್ದಲ್ಲಕ್ಕಾ. ಲೋಕದ ಬಗ್ಗೆ.”

“ಯಾರಿಗೂ ಬೇಡ ಅಂದೆ. ಯಾರಿಗೂ. ಹಾಗಾದ್ರೆ ನಾನು ಯಾರು?”

ಅವನು ಮೇಜಿನ ಮೇಲೆ ಬಿದ್ದ ರೊಟ್ಟಿಯ ಪುಡಿಯನ್ನು ಬೆರಳಲ್ಲಿ ಒತ್ತಿ ತೆಗೆದ.

“ನೀನು ಬರೆದಿದ್ದು ಸುಳ್ಳು ಅನ್ನಲ್ಲ,” ಐಲಿಯ ದನಿ ಏರಲಿಲ್ಲ. “ನಿನಗೆ ಸಾಕಾಗಿದೆ, ಗೊತ್ತಾಗುತ್ತೆ. ಪುಕ್ಕಟೆ ಬರುತ್ತೆ, ವಾರಕ್ಕೊಂದು ಬರುತ್ತೆ, ಒಂದೂ ನಿನಗೆ ಬೇಕಿರಲ್ಲ. ದಿನಾ ಮದುವೆ ಊಟ ಉಂಡೋನಿಗೆ ಹಸಿವು ಅಂದ್ರೆ ಏನು ಗೊತ್ತು? ಕಣ್ಣು ಇರೋದಕ್ಕೇ ನಿನಗೆ ಬೇಜಾರು ಕಣೋ. ನನಗೆ ಬೇಜಾರು ಪಡೋಕೂ ಆ ಟಿಲ್ಲಿ ಬೇಕು.”

ಡೇಲ್‌ಗೆ ನಾಚಿಕೆಯಾಯಿತು. ಐವತ್ತು ದಾಟಿದ ಗಂಡಸು ಅಕ್ಕನ ಅಡುಗೆಮನೆಯಲ್ಲಿ ಉಪ್ಪಿನ ರೊಟ್ಟಿ ಮುಂದಿಟ್ಟುಕೊಂಡು ಅಳು ತಡೆಯುತ್ತ ಕುಳಿತ. ಕೊನೆಗೆ ಎದ್ದು ಶಾನನ್‌ಗೆ ಫೋನು ಮಾಡಿದ. ಅಭಿಮಾನ ಬಿಟ್ಟು ಎಲ್ಲ ಹೇಳಿದ.

“ಅಯ್ಯೋ, ಪಾಪ,” ಎಂದಳು ಶಾನನ್. ಆಕೆಯ ಮರುಕ ನಿಜವೇ ಇರಬಹುದು. “ನೋಡಿ, ಆ ಯಂತ್ರದ ಹಳೇ ನೆನಪೆಲ್ಲ ನಾಳೆ ಅಳಿಸಿ ಹೋಗುತ್ತೆ. ಅಷ್ಟರೊಳಗೆ ಖಾತೆ ತೆರೆಸೋಕೆ ಪ್ರಯತ್ನ ಮಾಡ್ತೀನಿ. ನಮ್ಮ ಮೇಲಿನವರನ್ನ ಒಪ್ಪಿಸೋಕೆ ನನಗೂ ಏನಾದ್ರೂ ಬೇಕಲ್ಲ. ನೀವು ಒಂದು ವಾರ ಬಳಸೇ ಇಲ್ಲ ಅಂತ ನಮ್ಮ ಕಡೆ ದಾಖಲೆಯಿದೆ ಡೇಲ್. ಇನ್ನೊಮ್ಮೆ ನೋಡಿದೆ, ಪರವಾಗಿಲ್ಲ ಅನ್ನಿಸ್ತು ಅಂತ ಎರಡು ಸಾಲು, ಅಂಕ ಒಂದು ಆರು. ಅಷ್ಟೇ.”

ಡೇಲ್ ಕಣ್ಣು ಮುಚ್ಚಿದ. ಜಗಳಕ್ಕೂ ತ್ರಾಣವಿರಲಿಲ್ಲ. ಇಷ್ಟು ವರ್ಷ ಯಾರಿಗೋ ಏಳು ಕೊಟ್ಟವನಿಗೆ ಅಕ್ಕನಿಗಾಗಿ ಆರು ಕೊಡಲು ಏನು ಧಾಡಿ? “ಆಯ್ತು, ಬದಲಾಯಿ...”

“ಬೇಡ,” ಎಂದಳು ಐಲಿ. ಕಣ್ಣು ಹೋದ ಮೇಲೆ ಆಕೆಯ ಕಿವಿ ಗೋಡೆಯಾಚೆಯದನ್ನೂ ಬಿಡುತ್ತಿರಲಿಲ್ಲ. “ಫೋನ್ ಇಡು.”

“ಅಕ್ಕಾ, ಆರು ವರ್ಷದ್ದೆಲ್ಲ ಅಳಿಸಿ ಹೋಗುತ್ತೆ.”

“ಹೋಗಲಿ. ನಿನ್ನ ಮೇಲೆ ಸಿಟ್ಟು ಬಂದ್ರೆ ನನ್ನ ಉಪ್ಪು ಸಕ್ಕರೆ ಕಿತ್ಕೊಳ್ಳೋರು ಅವರು. ಇವತ್ತು ಕೈಕಾಲು ಹಿಡಿದು ತಂದ್ರೆ, ನಾಳೆ ನೀನು ಇನ್ನೇನೋ ಬರೀತೀಯ. ನಾನು ದಿನಾ ಬೆಳಿಗ್ಗೆ ನಿನ್ನ ಬರಹಕ್ಕೆ ಹೆದರಿಕೊಂಡು ಏಳಬೇಕಾ? ಅಂಗಡಿಗೆ ಹೋಗು. ದುಡ್ಡು ಕೊಟ್ಟು ತಗೊಂಡು ಬಾ. ನನ್ನ ದುಡ್ಡು, ನನ್ನ ಹೆಸರು.”

ಡೇಲ್ ಶಾನನ್‌ಗೆ ವಂದನೆ ಹೇಳಿ ಫೋನು ಇಟ್ಟ.

ಅಂಗಡಿಯಲ್ಲಿ ಎಲ್ಲರಂತೆ ಸಾಲಿನಲ್ಲಿ ನಿಂತ. ಇಂಥ ವಸ್ತುವನ್ನು ದುಡ್ಡು ಕೊಟ್ಟು ಕೊಂಡು ಎಷ್ಟು ಕಾಲವಾಗಿತ್ತೋ, ಬೆಲೆ ಕೇಳಿ ಎದೆ ಧಸಕ್ಕೆಂದಿತು. ಅಂಕ ಕೊಡುವಾಗ ಈ ಧಸಕ್ಕನ್ನು ಅವನು ಎಂದೂ ಲೆಕ್ಕಕ್ಕೆ ಹಿಡಿದವನಲ್ಲ.

“ಯೋಚನೆ ಮಾಡಿ ತಗೊಳ್ಳಿ,” ಎಂದಳು ಗಲ್ಲಾಪೆಟ್ಟಿಗೆಯ ಹಿಂದಿನ ಹೆಂಗಸು. “ನಿನ್ನೆ ಯಾರೋ ಬರೆದಿದ್ದಾರಂತೆ, ಇದು ಯಾರಿಗೂ ಬೇಡ ಅಂತ. ಬೆಳಿಗ್ಗೆಯಿಂದ ಇಬ್ಬರು ವಾಪಸ್ ತಂದ್ರು.”

“ಅವನಿಗೇನು ಗೊತ್ತು,” ಎಂದ ಡೇಲ್.

“ಅದೂ ಸರಿನೇ. ಬರೆಯೋರಿಗೇನು.”

ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂಬ ಮಾತು ಆಕೆಗೆ ತಿಳಿದಿರಲಿಲ್ಲ, ಇಲ್ಲದಿದ್ದರೆ ಅವನ ಹೆಸರು ಗೊತ್ತಾದೊಡನೆ ಹೇಳಿಬಿಡುತ್ತಿದ್ದಳು. ಡೇಲ್ ಹೆಸರು ಹೇಳಲಿಲ್ಲ. ಐಲಿ ಕಿವೆಲಾ ಎಂದು ಬರೆಸಿದ.

ಮನೆಗೆ ಬಂದು, ಈ ಬಾರಿ ಬೂಟು ಬಿಚ್ಚಿಟ್ಟು, ಹಳೆಯ ಟಿಲ್ಲಿಯನ್ನು ತೆಗೆದು ಹೊಸತನ್ನು ಕೂರಿಸಿದ. ಅದಕ್ಕೆ ಐಲಿಯ ದನಿಯೂ ಗೊತ್ತಿಲ್ಲ, ಮನೆಯೂ ಗೊತ್ತಿಲ್ಲ. ಒಂದೊಂದನ್ನೂ ಕಲಿಸಬೇಕು. ಡೇಲ್ ಕಪಾಟು ತೆರೆದು ಡಬ್ಬಗಳನ್ನು ಒಂದೊಂದಾಗಿ ಅದರ ಕಣ್ಣಿಗೆ ಹಿಡಿಯತೊಡಗಿದ.

“ಇದಕ್ಕೆ ಏನೆಂದು ಹೆಸರಿಡಲಿ?” ಎಂದು ಯಂತ್ರ ಕೇಳಿತು.

ಡೇಲ್ ಮುಚ್ಚಳ ತೆರೆದು ಮೂಸಿದ. “ಅಕ್ಕಾ, ಇದು ಏನು?”

“ಬಣ್ಣ ಹೇಳು.”

“ಕಂದು. ಹುಡಿಹುಡಿ.”

“ರೈ ಹಿಟ್ಟು. ನಿನಗೆ ಮೀಸೆ ಬರೋಕೆ ಮುಂಚೆಯಿಂದ ಅದು ಅಲ್ಲೇ ಇದೆ.”

ಲೋಕದ ಎಲ್ಲ ಯಂತ್ರಗಳ ಹೊಟ್ಟೆಯೊಳಗಿನದನ್ನು ಬಲ್ಲವನಿಗೆ ಅಕ್ಕನ ಕಪಾಟಿನಲ್ಲಿ ಏನಿದೆಯೆಂದು ಗೊತ್ತಿರಲಿಲ್ಲ. ಇಳಿಹೊತ್ತಾಗುವವರೆಗೂ ಕೇಳುತ್ತ ಹೋದ, ಆಕೆ ಹೇಳುತ್ತ ಹೋದಳು. ಮಾತ್ರೆಗಳು ಇಷ್ಟೊಂದು ಯಾಕೆ ಎಂದು ಕೇಳಿದಾಗ ಮಾತ್ರ ಆಕೆ ಸ್ವಲ್ಪ ತಡೆದು ಹೇಳಿದಳು, ಅವನು ಸ್ವಲ್ಪ ತಡೆದು ಮುಂದಿನ ಶೀಶೆ ಎತ್ತಿದ. ನಡುವೆ ಯಂತ್ರ ತಿಂಗಳ ಬಾಡಿಗೆಯ ಮಾತೆತ್ತಿತು. “ಬಾಯಿ ಮುಚ್ಚು,” ಎಂದಳು ಐಲಿ. ಅದು ಮುಚ್ಚಿತು.

“ನೀನು ಹೇಳಿದ್ದು ಸರಿನೇ ಕಣೋ, ಬಾಡಿಗೆ ಕೇಳೋದು ಅತಿಯಾಯ್ತು,” ಎಂದಳು. “ಈಗ ಹೇಳು. ಹತ್ತಕ್ಕೆ ಎಷ್ಟು ಕೊಡ್ತೀಯ?”

“ಈಗಲೇ ಹೇಳೋಕಾಗಲ್ಲಕ್ಕಾ. ಜೊತೆಗೆ ಬಾಳಿ ನೋಡಬೇಕು.”

“ಎಷ್ಟು ದಿನ?”

“ಒಂದು ವಾರ. ಅದು ನಮ್ಮಲ್ಲಿ ಕಟ್ಟಳೆ.”

ಐಲಿ ಮೇಜಿನ ಮೇಲೆ ಕೈಯಾಡಿಸಿ ಉಪ್ಪಿನ ಪುಲ್ಲಾದ ತಟ್ಟೆಯನ್ನು ಹುಡುಕಿ ಬದಿಗೆ ಸರಿಸಿದಳು. ಹಿಟ್ಟಿನ ಡಬ್ಬವನ್ನು ಹತ್ತಿರಕ್ಕೆ ಎಳೆದುಕೊಂಡಳು.

“ಹಾಗಾದ್ರೆ ಇರು ಒಂದು ವಾರ,” ಎಂದಳು. “ನನ್ನ ಜೊತೆನೂ ನೀನು ಬಾಳಿ ನೋಡಿಲ್ಲ.”

ಡೇಲ್ ಮೂಲೆಯ ಕೋಣೆಯಲ್ಲಿ ಹಾಸಿಗೆಯ ಮೇಲೆ ಹೊದಿಕೆ ಇದೆಯೇ ಎಂದು ನೋಡಿ ಬಂದ. ಆಮೇಲೆ ಸಕ್ಕರೆಯ ಡಬ್ಬವನ್ನು ಎತ್ತಿ, ಯಂತ್ರಕ್ಕೆ ತೋರಿಸದೆ, ತಾನೇ ಒಂದು ಚಿಟಿಕೆ ನಾಲಿಗೆಗೆ ಹಾಕಿ ನೋಡಿ, ಅಕ್ಕನ ಕೈಗೆ ಕೊಟ್ಟ.