ಕಷ್ಟಕಾಲಕ್ಕಿಟ್ಟ ಪೆಲೆಟ್

ತವರಿನವರು ಮದುವೆಗೆ ಕೊಟ್ಟ ತೇಗದ ಬೀರುವಿನಿಂದ ನನ್ನ ಸೀರೆಗಳನ್ನೆಲ್ಲ ತೆಗೆದು ಹೊರಗೆ ಹಾಕಿ, ಅದರೊಳಗೆ ನಮ್ಮ ಯಜಮಾನರು ಸೀಸ ತುಂಬಿದರು. ಸೀಸ ಅಂದರೆ ಪೆಲೆಟ್, ಏರ್ ರೈಫಲ್‌ಗೆ ಹಾಕುವ, ಮೆಣಸಿನ ಕಾಳಿನಷ್ಟಿರುವ ಗುಂಡು. ಚಪ್ಪಟೆ ಡಬ್ಬಿಗಳಲ್ಲಿ ಹೊರದೇಶದಿಂದ ಬರುತ್ತದೆ. ಗಂಡನ ಹೆಸರು ಹೇಳಬಾರದು ಅನ್ನುವ ಕಾಲ ಹೋಯಿತು, ಹೇಳಿಬಿಡುತ್ತೇನೆ: ಪುಟ್ಟಣ್ಣ. ಸರ್ಕಾರಿ ಕಾರ್ಖಾನೆಯ ಟೂಲ್ ರೂಮಿನಲ್ಲಿದ್ದು ನಿವೃತ್ತರಾದವರು. ಪೀಣ್ಯ ಎರಡನೇ ಹಂತದಲ್ಲಿ ಲೇತ್ ಶೆಡ್ಡೊಂದರ ಮೇಲಿನ ಮಹಡಿಯಲ್ಲಿ ಶೂಟಿಂಗ್ ರೇಂಜ್ ನಡೆಸುತ್ತಾರೆ. ಕೆಳಗೆ ಕಬ್ಬಿಣ ಕಿರುಚುತ್ತಿದ್ದರೆ ಮೇಲೆ ಮಕ್ಕಳು ಉಸಿರು ಹಿಡಿದು ಗುರಿ ಇಡುತ್ತಾರೆ.

ಈ ಕೂಡಿಡುವ ಹುಚ್ಚು ಅವರಿಗೆ ಹಿಡಿದದ್ದು ಲಾಕ್‌ಡೌನಿನಲ್ಲಿ. ವಿಮಾನ, ಹಡಗು ಎಲ್ಲ ನಿಂತು, ಒಳ್ಳೆಯ ಪೆಲೆಟ್ ಊರಲ್ಲೆಲ್ಲೂ ಸಿಗದಂತಾಯಿತು. ಇವರ ಕೈಯಲ್ಲಿ ಪಳಗಿದ ವಿಶ್ರುತ್ ಅನ್ನುವ ಹುಡುಗ ರಾಜ್ಯ ತಂಡದ ಬಾಗಿಲವರೆಗೂ ಹೋಗಿದ್ದ. ಪೆಲೆಟ್ ಇಲ್ಲದೆ ತಿಂಗಳುಗಟ್ಟಲೆ ಬರೀ ರೈಫಲ್ ಎತ್ತಿ ಇಳಿಸಿದ, ಆಮೇಲೆ ಅದನ್ನೂ ಬಿಟ್ಟ. ಈಗ ಪಟ್ಟಂದೂರು ಅಗ್ರಹಾರದ ಜಿಮ್ ಒಂದರಲ್ಲಿ ಕೆಲಸ ಮಾಡಿಕೊಂಡು ಆರಾಮಾಗಿದ್ದಾನೆ. ಆರಾಮಾಗಿಲ್ಲದವರು ಇವರು. ಪೆಲೆಟ್ ಇಲ್ಲ ಅನ್ನುವ ಕಾರಣಕ್ಕೆ ಇನ್ನೊಬ್ಬ ಶಿಷ್ಯ ಕೈತಪ್ಪಬಾರದು ಅಂತ ಅವತ್ತೇ ತೀರ್ಮಾನ ಮಾಡಿದರು.

ಅಷ್ಟರಲ್ಲಿ ಮಹಾನಂದಾ ಬಂದಳು. ಅವಳ ಅಪ್ಪ ಯಂಕಪ್ಪ ರಾಯಚೂರಿನ ಕಡೆಯವನು, ಪಕ್ಕದ ಬೀದಿಯ ಪೇಂಟಿಂಗ್ ಯೂನಿಟ್ಟಿನಲ್ಲಿ ಕೆಲಸ. ಅಪ್ಪನಿಗೆ ಬುತ್ತಿ ತಂದ ಹುಡುಗಿ ಮಹಡಿ ಹತ್ತಿ ಇಣುಕಿದಳು, ಇವರು ರೇಂಜಿನದೇ ಒಂದು ರೈಫಲ್ ಕೈಗೆ ಕೊಟ್ಟರು. ಅವಳು ನಿಂತ ನಿಲುವು ನೋಡಿ ಆ ದಿನ ಮನೆಗೆ ಬಂದ ಯಜಮಾನರು ಊಟ ಕೂಡ ಸರಿಯಾಗಿ ಮಾಡಲಿಲ್ಲ, ಅಷ್ಟು ಸಂತೋಷ.

ಈ ಶೂಟಿಂಗ್ ಜನರದ್ದೊಂದು ಪದ್ಧತಿ ಇದೆ. ಒಂದೊಂದು ರೈಫಲ್ಲಿಗೆ ಒಂದೊಂದು ರುಚಿಯಂತೆ. ಇದಕ್ಕೆ ಒಗ್ಗಿದ ಬ್ಯಾಚಿನ ಪೆಲೆಟ್ ಅದಕ್ಕೆ ಒಗ್ಗುವುದಿಲ್ಲ. ಅದಕ್ಕೆ ರೈಫಲನ್ನು ಅಲುಗಾಡದ ಹಾಗೆ ವೈಸಿಗೆ, ಅಂದರೆ ಮೇಜಿನ ಇಕ್ಕಳಕ್ಕೆ, ಬಿಗಿದು ಬೇರೆಬೇರೆ ಬ್ಯಾಚುಗಳಿಂದ ಹೊಡೆದು ನೋಡುತ್ತಾರೆ. ಗುಂಡೆಲ್ಲ ಒಂದೇ ತೂತಿನಲ್ಲಿ ಹೋದರೆ ಅದೇ ಬ್ಯಾಚನ್ನು ಸಿಕ್ಕಷ್ಟೂ ಕೊಳ್ಳುತ್ತಾರೆ. ಮಹಾನಂದಾಳ ರೈಫಲ್ಲಿಗೆ ಅಂಥದೊಂದು ಬ್ಯಾಚ್ ಸಿಕ್ಕಿತು. ಡೀಲರ್ ಪ್ರಸನ್ನನ ಅಂಗಡಿಯಲ್ಲಿದ್ದ ಅಷ್ಟೂ ಡಬ್ಬಿಗಳು ನನ್ನ ಬೀರು ಸೇರಿದವು. ತೇವ ಒಳಗೆ ಹೋಗಬಾರದು ಅಂತ ಬಾಗಿಲಿನ ಸಂದಿಗೆಲ್ಲ ಟೇಪ್ ಅಂಟಿಸಿದರು. ನನ್ನ ಸೀರೆಗಳು ಕಬ್ಬಿಣದ ಬೀರುವಿಗೆ ಹೋದವು.

ಆಮೇಲೆ ಆ ಟೇಪ್ ಬಿಚ್ಚಿದ್ದರೆ ಕೇಳಿ! ಹುಡುಗಿ ಮೂರು ವರ್ಷ ಅಗ್ಗದ ಲೋಕಲ್ ಪೆಲೆಟ್ಟಿನಲ್ಲೇ ಅಭ್ಯಾಸ ಮಾಡಿದಳು. ಡಬ್ಬಿ ಸುರಿದು, ಸೊಟ್ಟಗಿದ್ದವನ್ನು ಆರಿಸಿ ಎಸೆದು, ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ಕೂತು ಆರಿಸುತ್ತಿದ್ದಳು. ಒಂದು ಸಲ ಅವಳೇ ಕೇಳಿದಳು.

"ಸರ, ಆ ಛಲೋ ಪೆಲೆಟ್ ಒಮ್ಮೆ ಹೊಡದು ನೋಡ್ಲೇನ್ರಿ?"

"ಈಗ ಬೇಡಮ್ಮ. ಮುಗಿದ್ರೆ ಮತ್ತೆ ಆ ಬ್ಯಾಚ್ ಹುಟ್ಟಲ್ಲ. ದೊಡ್ಡ ಮ್ಯಾಚ್ ಬರ್ಲಿ, ಕಷ್ಟಕಾಲ ಬರ್ಲಿ, ಆಗ ತೆಗೆಯೋಣ."

"ತಾನೂ ತಿನ್ನ, ಪರರಿಗೂ ಕೊಡ ಅನ್ನೋ ಹಂಗಾಯ್ತು ನಿಮ್ಮದು" ಅಂತ ನಾನು ಅಂದೆ. ಅವರು ಕೇಳಿಸಿಕೊಳ್ಳಲಿಲ್ಲ. ಕಾರ್ಖಾನೆಯ ಸದ್ದಿನಲ್ಲಿ ಕಿವಿ ಮಂದವಾಗಿದೆ ಅನ್ನುತ್ತಾರೆ. ನಾನು ಹೇಳಿದ್ದಕ್ಕೆ ಮಾತ್ರ ಹಾಗೆ.

ಈ ವರ್ಷ ಎರಡೂ ಒಟ್ಟಿಗೆ ಬಂದವು. ಹಡಗಿನ ಮಾಲು ಬಂದರಿನಲ್ಲೇ ಸಿಕ್ಕಿಕೊಂಡು ಪ್ರಸನ್ನನ ಅಂಗಡಿ ಖಾಲಿಯಾಯಿತು, ಅದೇ ಹೊತ್ತಿಗೆ ರಾಜ್ಯ ತಂಡದ ಆಯ್ಕೆಯೂ ಬಂತು. ಜೂನಿಯರ್ ವಿಭಾಗದಲ್ಲಿ ಮಹಾನಂದಾಗೆ ಇದೇ ಕೊನೆಯ ಅವಕಾಶ. ಆಯ್ಕೆಯಾದರೆ ಮುಂದೆ ಕ್ರೀಡಾ ಕೋಟಾದಲ್ಲಿ ನೌಕರಿಯ ದಾರಿ ಇತ್ತು. ಆಗದಿದ್ದರೆ ಗಾರ್ಮೆಂಟ್ಸಿಗೆ ಸೇರಿಸುತ್ತೇನೆ ಅಂತ ಯಂಕಪ್ಪ ಮಾತಾಡಿಯೂ ಬಂದಿದ್ದ. ಅವನನ್ನು ಬೈಯುವ ಹಾಗಿಲ್ಲ, ಮನೆಯಲ್ಲಿ ಇನ್ನಿಬ್ಬರು ಚಿಕ್ಕವರಿದ್ದಾರೆ.

ಮ್ಯಾಚಿನ ಹಿಂದಿನ ಸಂಜೆ ಯಜಮಾನರು ಸ್ನಾನ ಮಾಡಿ ಬಂದು, ದೇವರ ಮನೆಯ ಬಾಗಿಲು ತೆಗೆಯುವವರ ಹಾಗೆ ಬೀರುವಿನ ಟೇಪ್ ಬಿಚ್ಚಿದರು. ಡಬ್ಬಿ ತೆರೆದರು. ಒಳಗೆ ಪೆಲೆಟ್ ಮೇಲೆಲ್ಲ ವಿಭೂತಿ ಬಳಿದ ಹಾಗೆ ಬಿಳಿ ಪುಡಿ. ಇನ್ನೊಂದು ತೆರೆದರು, ಅದರಲ್ಲೂ ಪುಡಿ. ನೆಲದ ಮೇಲೆ ಕೂತು ಅಷ್ಟನ್ನೂ ತೆರೆದರು.

ಪ್ರಸನ್ನನಿಗೆ ಫೋನ್ ಹೋಯಿತು. "ಮರದ ಬೀರುನಲ್ಲಿ ಇಟ್ಟಿದ್ರಾ ಸಾರ್? ಅಯ್ಯೋ! ಮರದಿಂದ ಬರೋ ಹುಳಿ ಹಬೆ ಸೀಸಾನ ತಿಂದುಬಿಡುತ್ತೆ. ಗಾಳಿ ಆಡಿದ್ರೆ ಸ್ವಲ್ಪ ಪರವಾಗಿಲ್ಲ, ನೀವು ಟೇಪ್ ಬೇರೆ ಹಾಕಿದೀರ."

ಟೂಲ್ ರೂಮಿನವರು, ಕಬ್ಬಿಣದ ಶತ್ರು ತೇವ ಅಂತ ಗೊತ್ತು. ಸೀಸದ ಶತ್ರು ಬೇರೆ ಅಂತ ಗೊತ್ತಿರಲಿಲ್ಲ. ಕಬ್ಬಿಣದ ಬೀರುವಿನಲ್ಲಿ ನನ್ನ ಸೀರೆಗಳು ಮಾತ್ರ ಹೊಸದರಂತಿದ್ದವು. ನಗು ಬರಬೇಕಿತ್ತು, ಅವರ ಮುಖ ನೋಡಿ ಬರಲಿಲ್ಲ.

ಅವರು ಅಲ್ಲಿಗೆ ಬಿಡಲಿಲ್ಲ. ಇದ್ದುದರಲ್ಲಿ ಚೆನ್ನಾಗಿರುವುದನ್ನು ಆರಿಸಿ, ಮೆಷಿನ್ ಎಣ್ಣೆ ಸವರಿ, ಬಟ್ಟೆಯಲ್ಲಿ ಉಜ್ಜಿ ಒಂದು ಡಬ್ಬಿ ತುಂಬಿಸಿದರು.

"ಅವಳಿಗೆ ಕೈ ಕೂತಿರೋದು ಲೋಕಲ್ಲಿಗೆ. ಅದನ್ನೇ ಹೊಡೀಲಿ ಬಿಡ್ರೀ" ಅಂದೆ.

"ಸುಮ್ನಿರೇ ಭಾನು. ಕೊಡ್ತೀನಿ ಅಂತ ಮಾತು ಕೊಟ್ಟಿದೀನಿ. ಬರಿಗೈಲಿ ಹೋಗಿ ಹೆಂಗೆ ನಿಂತ್ಕೊಳ್ಲಿ ಅವಳ ಮುಂದೆ?"

ಬೆಳಿಗ್ಗೆ ಊರಾಚೆಯ ದೊಡ್ಡ ರೇಂಜಿನಲ್ಲಿ ಮಹಾನಂದಾ ಆ ಡಬ್ಬಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು. ಮುಚ್ಚಳ ತೆಗೆದು ಒಂದು ಕ್ಷಣ ನೋಡಿದಳು. "ಆತ್ರಿ ಸರ" ಅಂದು ತನ್ನ ಜಾಗಕ್ಕೆ ಹೋದಳು. ನಾವು ಅವಳ ಹಿಂದಿನ ಸಾಲಿನಲ್ಲಿ ಕೂತೆವು.

ಗುಂಡು ಎಲ್ಲಿ ಬಿತ್ತು ಅಂತ ಅಲ್ಲಿ ಪರದೆಯ ಮೇಲೆ ಕಾಣುತ್ತದೆ. ಒಂದು ಮೇಲೆ, ಒಂದು ಪಕ್ಕಕ್ಕೆ, ಒಂದು ಇನ್ನೆಲ್ಲಿಗೋ. ಅವಳ ನಿಲುವಿನಲ್ಲಿ ಒಂದು ಕೂದಲಿನಷ್ಟೂ ಅಲುಗಾಟವಿರಲಿಲ್ಲ. ಯಜಮಾನರು ಮೊದಲು ಕೈ ಹಿಸುಕಿಕೊಂಡರು, ಆಮೇಲೆ ಕಾಲು ಅಲುಗಾಡಿಸಿದರು. ಅಲ್ಲಿ ಕೋಚ್ ಆದವರು ಜೋರಾಗಿ ಮಾತಾಡುವಂತಿಲ್ಲ. ಮೊದಲ ಸುತ್ತು ಮುಗಿಯುವ ಹೊತ್ತಿಗೆ ಇವರು ಎದ್ದು ನಿಂತರು.

"ಮಹಾನಂದಾ! ನಂದು ಬಿಸಾಕು! ನಿನ್ನ ಪೆಲೆಟ್ ಹಾಕ್ಕೊ!"

ಇಡೀ ರೇಂಜ್ ತಿರುಗಿ ನೋಡಿತು. ಅಧಿಕಾರಿಯೊಬ್ಬರು ಬಂದು ಇವರನ್ನು ಹೊರಗೆ ಕಳಿಸಿದರು. ಕಿಟಕಿಯ ಗಾಜಿಗೆ ಮೂಗು ಒತ್ತಿಕೊಂಡು ನಿಂತರು, ಎಪ್ಪತ್ತರ ಹತ್ತಿರದ ಮನುಷ್ಯ.

ಅವಳು ಜೇಬಿನಿಂದ ತನ್ನ ಲೋಕಲ್ ಡಬ್ಬಿ ತೆಗೆದಳು. ಅಲ್ಲಿಂದ ಮುಂದೆ ಪರದೆಯ ಮೇಲಿನ ಚುಕ್ಕಿಗಳೆಲ್ಲ ನಡುವಿಗೇ ಬಂದು ಕೂತವು. ನನಗೆ ಈ ಆಟದ ಗಂಧಗಾಳಿ ಇಲ್ಲ, ಆದರೂ ಅದರಿಂದ ಕಣ್ಣು ಕೀಳಲಿಲ್ಲ. ಕೊನೆಗೆ ಪಟ್ಟಿ ಬಂದಾಗ, ತಂಡಕ್ಕೆ ಆಯ್ಕೆಯಾದ ಕೊನೆಯ ಹುಡುಗಿಗಿಂತ ಇವಳು ಒಂದೇ ಒಂದು ಅಂಕ ಹಿಂದೆ ಇದ್ದಳು. ಅದು ಹೋದದ್ದು ಮೊದಲ ಸುತ್ತಿನಲ್ಲಿ ಅಂತ ಲೆಕ್ಕ ಬಾರದ ನನಗೂ ತಿಳಿಯಿತು.

ಹೊರಗೆ ಮರದ ಕೆಳಗೆ ನಾನು ಕಟ್ಟಿಕೊಂಡು ಹೋಗಿದ್ದ ಚಿತ್ರಾನ್ನವನ್ನು ಮೂವರಿಗೂ ಬಡಿಸಿದೆ. ಹುಡುಗಿ ತಿಂದಳು. ಇವರು ಮುಟ್ಟಲಿಲ್ಲ.

"ತಪ್ಪು ನಂದೇ ಕಣಮ್ಮ" ಅಂದರು. "ಪೆಲೆಟ್ ಹಾಳಾಗಿದ್ದು ನಿಂಗೆ ಗೊತ್ತಾಗ್ಲಿಲ್ವಾ?"

"ಗೊತ್ತಾತ್ರಿ ಸರ. ಮೊದಲ್ನೇ ಗುಂಡಿಗೇ ಗೊತ್ತಾತು, ಇನ್ನಾ ಅಂಕ ಹಿಡಿಯೂದಕ್ಕ ಶುರು ಮಾಡಿರ್ಲಿಲ್ಲ."

"ಮತ್ತೆ ಆಗ್ಲೇ ಬದಲಾಯಿಸ್ಬೇಕಿತ್ತಲ್ಲ! ನಿನ್ನ ಡಬ್ಬಿ ಜೇಬಲ್ಲೇ ಇತ್ತು!"

ಮಹಾನಂದಾ ಎಲೆಯ ಅಂಚಿಗೆ ಕರಿಬೇವು ಸರಿಸಿದಳು.

"ಹ್ಯಾಂಗ ಬದಲಾಯಿಸ್ಲಿ ಸರ" ಅಂದಳು. "ನೀವು ಹಿಂದ ಕುಂತಿದ್ರಲ್ರಿ."